ಉಕ್ಕಿನ ಕಾರ್ಖಾನೆಯಿಂದ ತಾಲೂಕು ಕಾಲೇಜಿಗೆ: ಬಿಬಿಎ ನಡೆದು ಬಂದ ದಾರಿ

ಪಿಯುಸಿ ಫಲಿತಾಂಶ ಬಂದ ವಾರ ಊರೂರಲ್ಲೂ ಒಂದೇ ಚರ್ಚೆ. ನರ್ಸಿಂಗ್, ಐಟಿಐ, ಬಿ.ಎಡ್ ಅಂದರೆ ಮನೆಯವರಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ಕಾಮರ್ಸ್ ಓದಿದ ಮಗಳು "ಬಿಬಿಎ ಸೇರ್ತೀನಿ" ಅಂದಾಗ ಅಪ್ಪ-ಅಮ್ಮ ಕೇಳುವ ಪ್ರಶ್ನೆ: "ಅದನ್ನ ಓದಿದ್ರೆ ಏನಾಗ್ತಾರವ್ವ?" ಮೇಷ್ಟ್ರಾಗ್ತಾರೆ, ನರ್ಸ್ ಆಗ್ತಾರೆ ಅನ್ನುವಂಥ ಒಂದು ಮಾತಿನ ಉತ್ತರ ಇದಕ್ಕಿಲ್ಲ.

ಯಾಕಿಲ್ಲ ಎಂಬುದು ಗೊತ್ತಾಗಬೇಕಾದರೆ ಈ ಪದವಿ ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ನಮ್ಮ ತಾಲೂಕಿನ ಕಾಲೇಜಿನ ತನಕ ಹೇಗೆ ಬಂತು ಎಂದು ನೋಡಬೇಕು. ಮೂರು ವರ್ಷದ ಫೀಸು, ಬಸ್ ಪಾಸು, ಹಾಸ್ಟೆಲ್ ಖರ್ಚು ಹೊಂದಿಸುವ ಮನೆಗೆ ಇದನ್ನು ತಿಳಿಯುವ ಹಕ್ಕಿದೆ. ಹಾಗಾಗಿ ಈ ಸಲ ನಾವು ಬಿಬಿಎ ಇತಿಹಾಸವನ್ನೇ ಎತ್ತಿಕೊಂಡಿದ್ದೇವೆ.

ಮಾಲೀಕನ ಕಣ್ಣು ಸಾಲದೆ ಹೋದಾಗ

ಹಿಂದೆಲ್ಲ ವ್ಯಾಪಾರ ಕಲಿಯಲು ಯಾರೂ ಕಾಲೇಜಿಗೆ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ತಕ್ಕಡಿ ಹಿಡಿಯುವುದನ್ನು ಕಲಿಯುವುದು, ಮಂಡಿಯ ಗುಮಾಸ್ತರ ಹತ್ತಿರ ಕಿರ್ದಿ-ಖಾತೆ ಬರೆಯುವುದನ್ನು ಕಲಿಯುವುದು, ಇಷ್ಟೇ. ನಮ್ಮಲ್ಲೂ ಹಾಗೆ, ಯುರೋಪು-ಅಮೆರಿಕದಲ್ಲೂ ಹಾಗೆ.

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಇದು ಬದಲಾಯಿತು. ಸಾವಿರಾರು ಮೈಲಿ ರೈಲು ಹಳಿ ಬಿತ್ತು. ಹಳಿಗೆ ಬೇಕಾದ ಕಬ್ಬಿಣ, ಉಕ್ಕಿನ ದೊಡ್ಡ ಕಾರ್ಖಾನೆಗಳು ಬಂದವು. ಹತ್ತು ಜನ ಕೆಲಸ ಮಾಡುವ ಜಾಗದಲ್ಲಿ ಮಾಲೀಕನೇ ನಿಂತು ನೋಡಬಹುದು. ಸಾವಿರ ಜನ ಕೆಲಸ ಮಾಡುವಲ್ಲಿ, ನೂರು ಊರಿನಲ್ಲಿ ವ್ಯವಹಾರ ಇರುವಲ್ಲಿ, ಮಾಲೀಕನ ಕಣ್ಣು ಸಾಲುವುದಿಲ್ಲ. ಅವನ ಪರವಾಗಿ ನೋಡಿಕೊಳ್ಳುವವರು ಬೇಕು. ಅಂಥವರಿಗೆ ಮ್ಯಾನೇಜರ್ ಎಂದು ಹೆಸರಾಯಿತು.

ಜೋಸೆಫ್ ವಾರ್ಟನ್ ಎಂಬ ಉದ್ಯಮಿಗೆ ನಿಕ್ಕಲ್ ಮತ್ತು ಕಬ್ಬಿಣದ ವ್ಯವಹಾರ ಇತ್ತು. ಬೆತ್ಲಹೆಮ್ ಎಂಬ ಊರಿನ ಪ್ರಸಿದ್ಧ ಉಕ್ಕಿನ ಕಂಪನಿಯಲ್ಲಿ ದೊಡ್ಡ ಪಾಲಿತ್ತು. 1881ರಲ್ಲಿ ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು, ವ್ಯವಹಾರ ಕಲಿಸುವ ಶಾಲೆ ತೆರೆಯಿರಿ ಎಂದರು. ಅದೇ ವಾರ್ಟನ್ ಸ್ಕೂಲ್. ವ್ಯವಹಾರದ ಆಡಳಿತವನ್ನು ವಿಶ್ವವಿದ್ಯಾಲಯದಲ್ಲಿ ಪದವಿಯಾಗಿ ಓದುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು ಅಲ್ಲಿಂದ.

ಇಲ್ಲಿ ಒಂದು ವಿಷಯ ಗಮನಿಸಿ. ಶಾಲೆ ಕಟ್ಟಿಸಿದವರು ಮಾಲೀಕರು. ಮ್ಯಾನೇಜರ್ ಬೇಕಾಗಿದ್ದದ್ದು ಅವರಂಥವರ ಕಂಪನಿಗಳಿಗೆ. ಓದು ಮುಗಿಸಿದವರು ಏನಾಗುತ್ತಾರೆ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಕಂಪನಿ ಮೊದಲೇ ಇತ್ತು, ಓದು ಆಮೇಲೆ ಬಂತು.

ಮೊದಲ ಸೆಮಿಸ್ಟರಿನ ಪಾಠ

ಇವತ್ತು ಬಿಬಿಎ ಸೇರಿದ ಹುಡುಗಿ ಮೊದಲು ಓದುವ ಹೆಸರುಗಳಲ್ಲಿ ಫ್ರೆಡರಿಕ್ ಟೇಲರ್ ಹೆಸರು ಇದ್ದೇ ಇರುತ್ತದೆ. ಟೇಲರ್ ಕೂಡ ಅದೇ ಪೆನ್ಸಿಲ್ವೇನಿಯಾದವರು. 1898ರ ಹೊತ್ತಿಗೆ ಬೆತ್ಲಹೆಮ್ ಉಕ್ಕಿನ ಕಂಪನಿಗೆ ಕೆಲಸಕ್ಕೆ ಬಂದರು. ಅಲ್ಲಿ ಕೂಲಿಗಳು ಸುಮಾರು 42 ಕಿಲೋ ತೂಕದ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲಿನ ಡಬ್ಬಿಗೆ ತುಂಬುತ್ತಿದ್ದರು. ಯಾವಾಗ ಎತ್ತಬೇಕು, ಯಾವಾಗ ನಡೆಯಬೇಕು, ಯಾವಾಗ ಕೂತು ಸುಧಾರಿಸಿಕೊಳ್ಳಬೇಕು ಎಂದು ಟೇಲರ್ ಗಡಿಯಾರ ಹಿಡಿದು ಲೆಕ್ಕ ಹಾಕಿಸಿದರು.

1911ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಬರೆದುಕೊಂಡ ಪ್ರಕಾರ, ಒಬ್ಬ ಕೂಲಿ ದಿನಕ್ಕೆ ಹನ್ನೆರಡೂವರೆ ಟನ್ ತುಂಬುತ್ತಿದ್ದವನು 47 ಟನ್ ತುಂಬುವಂತಾದ. ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ಕೂಲಿ ಮಾಡಿ ಗೊತ್ತಿರುವ ಮನೆಯ ಮಕ್ಕಳು ಈ ಪಾಠ ಓದುವಾಗ ಈ ಎರಡು ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಪರೀಕ್ಷೆಯಲ್ಲಿ ಕೇಳುವುದು ಮೊದಲನೆಯದನ್ನು. ಮನೆಯಲ್ಲಿ ಕೇಳುವುದು ಎರಡನೆಯದನ್ನು.

ಹಾಗಂತ ಆ ಪುಸ್ತಕಗಳಲ್ಲಿ ನಮಗೆ ಉಪಯೋಗದ್ದು ಇಲ್ಲ ಅಂತಲ್ಲ. ಫ್ರಾನ್ಸಿನ ಗಣಿ ಕಂಪನಿಯೊಂದನ್ನು ಬಹಳ ವರ್ಷ ನಡೆಸಿದ ಹೆನ್ರಿ ಫಯೋಲ್ ಎಂಬ ಎಂಜಿನಿಯರ್ 1916ರಲ್ಲಿ ಆಡಳಿತದ 14 ಸೂತ್ರಗಳನ್ನು ಬರೆದರು. ಒಬ್ಬ ಕೆಲಸಗಾರ ಒಬ್ಬನೇ ಮೇಲಿನವರ ಮಾತು ಕೇಳುವಂತಿರಬೇಕು ಎಂಬುದು ಅದರಲ್ಲೊಂದು. ನಮ್ಮ ಪಂಚಾಯ್ತಿಯ ವಾಟರ್‌ಮ್ಯಾನ್ ಪಾಡು ನೆನಪಿಸಿಕೊಳ್ಳಿ. ಅಧ್ಯಕ್ಷರು ಒಂದು ಬೀದಿಗೆ ನೀರು ಬಿಡು ಅಂತಾರೆ, ಮೆಂಬರು ಇನ್ನೊಂದು ಬೀದಿಗೆ, ಪಿಡಿಒ ಮೋಟಾರ್ ನಿಲ್ಲಿಸು ಅಂತಾರೆ. ಬೈಗುಳ ಮಾತ್ರ ಎಲ್ಲರದ್ದೂ ಅವನಿಗೇ. ಫಯೋಲ್ ಬರೆದ ಸೂತ್ರ ಅರ್ಥವಾಗಲು ಫ್ರಾನ್ಸಿನ ಗಣಿಗೆ ಹೋಗಬೇಕಿಲ್ಲ.

ಕಣಗಿನಹಾಳ ಮೊದಲು, ಮುಂಬೈ ಆಮೇಲೆ

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ವ್ಯಾಪಾರದ ಓದಿಗೆ ದೊಡ್ಡ ಹೆಸರು ತಂದದ್ದು ಮುಂಬೈಯ ಸಿಡನ್‌ಹ್ಯಾಮ್ ಕಾಲೇಜು. ಶುರುವಾದದ್ದು 1913ರಲ್ಲಿ. ಗವರ್ನರ್ ಆಗಿದ್ದವರ ಹೆಸರನ್ನೇ ಕಾಲೇಜಿಗೆ ಇಟ್ಟರು. ಅದೇ ವರ್ಷ ಹೊಸ ಕಂಪನಿ ಕಾಯ್ದೆ ಬಂತು. ಅದೇ ಹೊತ್ತಿಗೆ ದೇಶದಲ್ಲಿ ಒಂದರ ಹಿಂದೆ ಒಂದು ಬ್ಯಾಂಕು ಮುಳುಗಿ ಜನರ ಹಣ ಹೋಯಿತು. ಲೆಕ್ಕ ಸರಿಯಾಗಿ ಬರೆಯುವವರು, ಬರೆದದ್ದನ್ನು ತಪಾಸಣೆ ಮಾಡುವವರು ಎಷ್ಟು ಅಗತ್ಯ ಎಂದು ಜನರಿಗೆ ಆಗ ಚೆನ್ನಾಗಿ ತಿಳಿಯಿತು. ಬಿ.ಕಾಂ ಬೆಳೆದದ್ದು ಈ ಅಗತ್ಯದಿಂದ. ಲೆಕ್ಕ, ತೆರಿಗೆ, ಬ್ಯಾಂಕಿಂಗ್, ಕಾನೂನು ಅದರ ಜೀವಾಳ.

ಆಗ ಧಾರವಾಡ, ಬೆಳಗಾವಿ, ವಿಜಯಪುರ ಕಡೆಯೆಲ್ಲ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆದರೆ ಮುಂಬೈಯಲ್ಲಿ ಕಾಲೇಜು ತೆರೆಯುವುದಕ್ಕೆ 8 ವರ್ಷ ಮೊದಲೇ, ಅದೇ ಪ್ರಾಂತ್ಯದ ಗದಗ ಹತ್ತಿರದ ಒಂದು ಹಳ್ಳಿ ಹಣದ ಆಡಳಿತವನ್ನು ಕೈಗೆತ್ತಿಕೊಂಡಿತ್ತು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಸಂಘ ಎಂದು ಅದಕ್ಕೆ ಹೆಸರು.

ಸಂಘ ನಡೆಸುವುದು ಅಂದರೆ ಏನೇನು ಕೆಲಸ ನೋಡಿ. ಷೇರು ಹಣ ಕೂಡಿಸಬೇಕು. ಯಾರಿಗೆ ಎಷ್ಟು ಸಾಲ, ಯಾವ ಬಡ್ಡಿ ಎಂದು ತೀರ್ಮಾನಿಸಬೇಕು. ಮಳೆ ಕೈಕೊಟ್ಟ ವರ್ಷ ವಸೂಲಿ ಹೇಗೆ ಎಂದು ಯೋಚಿಸಬೇಕು. ಲೆಕ್ಕ ಬರೆದು ಸದಸ್ಯರ ಮುಂದೆ ಓದಬೇಕು. ಸಂಬಂಧಿಕ ಅಂತ ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೆ ಉತ್ತರ ಹೇಳಬೇಕು. ಇವತ್ತು ಬಿಬಿಎಯಲ್ಲಿ ಹಣಕಾಸು, ಸಿಬ್ಬಂದಿ, ಯೋಜನೆ ಎಂದು ಬೇರೆ ಬೇರೆ ಪೇಪರ್ ಮಾಡಿ ಕಲಿಸುವುದೆಲ್ಲ ಅಲ್ಲಿ ಒಂದೇ ಕೋಣೆಯಲ್ಲಿ ಇತ್ತು. ಮಾಲೀಕ ಮತ್ತು ಗಿರಾಕಿ ಅಲ್ಲಿ ಬೇರೆ ಬೇರೆ ಆಗಿರಲಿಲ್ಲ. ಸಾಲ ಪಡೆಯುವ ರೈತನೇ ಸಂಘದ ಪಾಲುದಾರ.

ಎರಡಾಣೆಯ ಲೆಕ್ಕ

ಕರಾವಳಿಯ ಕತೆಯೂ ಇಂಥದ್ದೇ. 1906ರಲ್ಲಿ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮುಂದೆ ಕೆನರಾ ಬ್ಯಾಂಕ್ ಆದ ಸಂಸ್ಥೆ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದರು. 1925ರಲ್ಲಿ ಉಡುಪಿಯಲ್ಲೇ ಮೂವರು ಸೇರಿ ಇನ್ನೊಂದು ಸಂಸ್ಥೆ ಕಟ್ಟಿದರು. ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರು. ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಗುರಿ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಂಡು ಬರುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಹಣ ಹಾಗೆ ಬ್ಯಾಂಕಿಗೆ ಬಂತು. ನಿಮ್ಮೂರ ಸಂತೆಯಲ್ಲಿ ಈಗಲೂ ಸಣ್ಣ ಯಂತ್ರ ಹಿಡಿದು ಪಿಗ್ಮಿ ಕಟ್ಟಿಸಿಕೊಳ್ಳುವವರನ್ನು ನೋಡಿರುತ್ತೀರಿ. ಮಾರ್ಕೆಟಿಂಗ್ ಎಂಬ ಪೇಪರಿನಲ್ಲಿ 'ಗಿರಾಕಿಯ ಅಗತ್ಯ ತಿಳಿ' ಎಂದು ಕಲಿಸುವುದನ್ನು ಇವರು ಓಡಾಡಿಯೇ ಕಲಿತಿದ್ದರು.

ಹಳೆ ಮೈಸೂರಿನಲ್ಲಿ ಈ ಕೆಲಸ ಸರ್ಕಾರದ ಕಡೆಯಿಂದ ಆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮತ್ತು ವಾಣಿಜ್ಯ ಮಂಡಳಿ ಬಂದವು. ಬ್ಯಾಂಕು, ಓದು, ವ್ಯಾಪಾರಿಗಳ ಸಂಘ ಮೂರೂ ಜೊತೆಯಲ್ಲಿ ಬೇಕು ಎಂಬ ಲೆಕ್ಕಾಚಾರ ಅಲ್ಲಿತ್ತು.

ಆ ಬ್ಯಾಂಕುಗಳಲ್ಲಿ ಕೆಲವು ಈಗ ಹೆಸರಿಗೂ ಉಳಿದಿಲ್ಲ. ಮೈಸೂರು ಬ್ಯಾಂಕ್ 2017ರಲ್ಲಿ ಎಸ್‌ಬಿಐ ಜೊತೆ, ಸಿಂಡಿಕೇಟ್ 2020ರಲ್ಲಿ ಕೆನರಾ ಜೊತೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕ್ ಜೊತೆ ಸೇರಿಹೋದವು. ಇದ್ದ ಊರಿನ ಅಗತ್ಯಕ್ಕೆ ಹುಟ್ಟಿದ ಸಂಸ್ಥೆಗಳ ತೀರ್ಮಾನ ಈಗ ದೂರದ ಊರಿನಲ್ಲಿ ಆಗುತ್ತದೆ.

1973ರ ಎರಡು ಸಂಸ್ಥೆಗಳು

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಿತು. ಅವುಗಳಿಗೂ ಮ್ಯಾನೇಜರುಗಳು ಬೇಕಾದರು. 1961ರಲ್ಲಿ ಕೋಲ್ಕತಾ ಮತ್ತು ಅಹಮದಾಬಾದಿನಲ್ಲಿ ಐಐಎಂ ಶುರುವಾದವು. ಪಾಠ ಕಟ್ಟಲು ಅಮೆರಿಕದ ವಿಶ್ವವಿದ್ಯಾಲಯಗಳ ನೆರವು ಪಡೆದರು. 1973ರಲ್ಲಿ ಬೆಂಗಳೂರಿನಲ್ಲಿ ಐಐಎಂ ಬಂತು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಥರದ ಸರ್ಕಾರಿ ಉದ್ದಿಮೆಗಳಿದ್ದ ಊರಿನಲ್ಲಿ, ಅಂಥ ಉದ್ದಿಮೆಗಳನ್ನು ನಡೆಸುವವರನ್ನು ತಯಾರು ಮಾಡುವುದು ಅದರ ಮೊದಲ ಉದ್ದೇಶವಾಗಿತ್ತು.

ಅದೇ 1973ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದ ಕಾಲ ಅದು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ-ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಬೆಳೆಗಾರರ ಸಂಸ್ಥೆಯೇ ಮಾರುಕಟ್ಟೆಗೆ ಇಳಿದು ಅಡಿಕೆ ಕೊಂಡಿತು. ಕೋಕೋ ಬೆಳೆದವರಿಗೂ ಅಂಥದ್ದೇ ಕಷ್ಟ ಬಂದಾಗ ಅದನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಒಂದೇ ವರ್ಷ ಬೆಂಗಳೂರಿನಲ್ಲಿ ಮ್ಯಾನೇಜರುಗಳ ಶಾಲೆ, ಮಂಗಳೂರಿನಲ್ಲಿ ಬೆಳೆಗಾರರ ಸಂಸ್ಥೆ. ಒಂದರ ಕಲಿಕೆ ಇನ್ನೊಂದಕ್ಕೆ ಹೋಗಿ ತಲುಪುವ ದಾರಿಯನ್ನು ಮಾತ್ರ ಯಾರೂ ಹಾಕಲಿಲ್ಲ.

ಈ ಕೊರತೆಯನ್ನು ಸರಿಯಾಗಿ ಗುರುತಿಸಿದವರು ಗುಜರಾತಿನ ಆನಂದ್‌ನಲ್ಲಿದ್ದ ವರ್ಗೀಸ್ ಕುರಿಯನ್. ರೈತರ ಹಾಲಿನ ಸಹಕಾರ ಸಂಘಗಳಿಗೂ ಒಳ್ಳೆಯ ಮ್ಯಾನೇಜರ್ ಬೇಕು, ಆದರೆ ದೊಡ್ಡ ಕಾಲೇಜುಗಳಲ್ಲಿ ಓದಿದವರು ದೊಡ್ಡ ಕಂಪನಿಗಳಿಗೇ ಹೋಗುತ್ತಾರೆ. ಹಾಗಾಗಿ 1979ರಲ್ಲಿ ಗ್ರಾಮೀಣ ಮ್ಯಾನೇಜ್‌ಮೆಂಟ್ ಕಲಿಸಲೆಂದೇ ಅಲ್ಲಿ 'ಇರ್ಮಾ' ಎಂಬ ಸಂಸ್ಥೆ ಕಟ್ಟಿದರು. 2025ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನೇ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಗಿ ಬೆಳೆಸಿತು. ನಮ್ಮಲ್ಲಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಹಳ್ಳಿಯ ಯುವಕ-ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿ ಕೊಟ್ಟವು. ಆದರೆ ರುಡ್‌ಸೆಟ್ ಕೊಡುವುದು ಕೆಲವು ವಾರಗಳ ತರಬೇತಿ, ಇರ್ಮಾ ಕಲಿಸುತ್ತಿದ್ದದ್ದು ಪದವಿ ಮುಗಿಸಿದವರಿಗೆ. ನಡುವಿನ ಮೂರು ವರ್ಷದ ಪದವಿಗೆ ಹಳ್ಳಿಯ ಸಂಸ್ಥೆಗಳ ನಂಟು ಅಂಟಲಿಲ್ಲ.

ಬಿಬಿಎಂ ಹೋಗಿ ಬಿಬಿಎ ಬಂತು

1991ರ ನಂತರ ಖಾಸಗಿ ಕಂಪನಿಗಳು, ಹೊಸ ಬ್ಯಾಂಕುಗಳು, ಕಾಲ್ ಸೆಂಟರುಗಳು, ಐಟಿ ಕಂಪನಿಗಳು ಬೆಂಗಳೂರಿನಲ್ಲಿ ಹೆಚ್ಚಾದವು. ಎಂಬಿಎ ಮಾಡಲು ಎಲ್ಲರಿಗೂ ಆಗುವುದಿಲ್ಲ. ಪಿಯುಸಿ ಆದಕೂಡಲೇ ಮೂರು ವರ್ಷದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಪದವಿಗೆ ಬೇಡಿಕೆ ಬಂತು. ನಮ್ಮ ರಾಜ್ಯದಲ್ಲಿ ಇದಕ್ಕೆ ಬಹಳ ಕಾಲ ಬಿಬಿಎಂ ಎಂಬ ಹೆಸರಿತ್ತು. ಊರಿನ ಅಣ್ಣಂದಿರು, ಅಕ್ಕಂದಿರು ಬಿಬಿಎಂ ಎಂದರೆ, ಅವರ ತಮ್ಮ-ತಂಗಿಯರು ಬಿಬಿಎ ಅನ್ನುತ್ತಾರೆ. ಹೆಸರು ಬದಲಾದದ್ದು 2010ರ ದಶಕದಲ್ಲಿ. ಎರಡೂ ಒಂದೇ ವಂಶದ ಪದವಿ.

ಬಿ.ಕಾಂಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬಹಳ ಜನ ಕೇಳುತ್ತಾರೆ. ಬಿ.ಕಾಂನಲ್ಲಿ ಲೆಕ್ಕ ಮತ್ತು ತೆರಿಗೆಯ ತೂಕ ಹೆಚ್ಚು. ಬಿಬಿಎಯಲ್ಲಿ ಲೆಕ್ಕವೂ ಇರುತ್ತದೆ, ಆದರೆ ಜನರಿಂದ ಕೆಲಸ ತೆಗೆಯುವುದು, ಮಾರುವುದು, ಯೋಜನೆ ಹಾಕುವುದು ಇವುಗಳಿಗೆ ಹೆಚ್ಚು ಜಾಗ.

ತಾಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹೆಚ್ಚಿದ ಮೇಲೆ ಪದವಿ ಓದು ಹಳ್ಳಿಗೆ ಹತ್ತಿರವಾಯಿತು. ರಾಜ್ಯದಲ್ಲಿ ಈಗ ಇಂಥ ಕಾಲೇಜುಗಳು 400ಕ್ಕೂ ಹೆಚ್ಚಿವೆ. ಅವುಗಳಲ್ಲಿ ಹಲವು ಕಡೆ ಬಿಬಿಎ ಇದೆ. ಬೆಳಿಗ್ಗೆ ಹಾಲು ಹಾಕಿ, ಬಸ್ ಹಿಡಿದು, ಸಂಜೆ ಮನೆಗೆ ಬರುವ ಹುಡುಗಿಗೂ ಈ ಪದವಿ ಸಿಗುವಂತಾದದ್ದು ಸಣ್ಣ ಮಾತಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಿಗೆ ಇಲ್ಲಿ ಪುಸ್ತಕ ಇಂಗ್ಲಿಷು, ಉದಾಹರಣೆ ಅಮೆರಿಕದ್ದು ಇಲ್ಲವೇ ಮುಂಬೈಯದ್ದು.

ಈಚಿನ ಬದಲಾವಣೆಗಳನ್ನೂ ತಿಳಿದಿರಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಾರ ಪದವಿಗೆ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಅದೇ ವರ್ಷದಿಂದ ಬಿಬಿಎ, ಬಿಸಿಎ ನಡೆಸುವ ಕಾಲೇಜುಗಳು ಎಐಸಿಟಿಇ ಅನುಮತಿಯ ವ್ಯಾಪ್ತಿಗೆ ಬಂದವು. ಖಾಸಗಿ ಕಾಲೇಜಿಗೆ ಹಣ ಕಟ್ಟುವ ಮೊದಲು ಆ ಅನುಮತಿ ಇದೆಯೇ ಎಂದು ಕೇಳಿ, ಪತ್ರ ತೋರಿಸಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮೂರ ಕೆಲಸಕ್ಕೆ ಮ್ಯಾನೇಜರ್ ಯಾರು?

ವಾರ್ಟನ್ ಶಾಲೆ ಕಟ್ಟಿಸಿದಾಗ ಕಂಪನಿ ಮೊದಲೇ ಇತ್ತು ಎಂದೆವು. ಬೆಂಗಳೂರಿನ ಐಐಎಂ ಬಂದಾಗ ಸರ್ಕಾರಿ ಕಾರ್ಖಾನೆಗಳು ಇದ್ದವು. ನಮ್ಮ ತಾಲೂಕಿಗೆ ಬಿಬಿಎ ಬಂದಾಗ ಮಾತ್ರ ಕಂಪನಿ ಎಲ್ಲೋ, ಕಾಲೇಜು ಇಲ್ಲಿ. ಮನೆಯವರ ಪ್ರಶ್ನೆಗೆ ಒಂದು ಮಾತಿನ ಉತ್ತರ ಇಲ್ಲದಿರುವುದಕ್ಕೆ ಕಾರಣ ಇದೇ ಎಂಬುದು ನಮ್ಮ ಅನಿಸಿಕೆ. ಉತ್ತರ ಬೇಕಾದವರು ಬೆಂಗಳೂರಿನ ಬಸ್ಸು ಹತ್ತಬೇಕು.

ಹೋಗುವುದು ತಪ್ಪಲ್ಲ. ತನ್ನ ಸಂಬಳದಲ್ಲಿ ತನ್ನ ಕಾಲ ಮೇಲೆ ನಿಲ್ಲಲು ನಗರಕ್ಕೆ ಹೋಗುವ ಹುಡುಗಿಗೆ ಊರಲ್ಲೇ ಇರು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಊರಿನಲ್ಲಿ ಮ್ಯಾನೇಜರ್ ಬೇಕಾದ ಸಂಸ್ಥೆಯೇ ಇಲ್ಲ ಎಂಬ ಮಾತು ಸುಳ್ಳು. ಸೊಸೈಟಿ ಇದೆ. ಹಾಲಿನ ಡೈರಿ ಇದೆ. ಮಹಿಳಾ ಸಂಘಗಳ ಒಕ್ಕೂಟ ಇದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆ, ಅಂದರೆ ಎಫ್‌ಪಿಒ, ಕಟ್ಟುವ ಯೋಜನೆ ತಂದ ಮೇಲೆ ಹಲವು ಹೋಬಳಿಗಳಲ್ಲಿ ಅವೂ ಬಂದಿವೆ.

ಆ ಯೋಜನೆಯ ಮಾರ್ಗಸೂಚಿಯಲ್ಲಿ ನಮಗೆ ಬೇಕಾದ ಒಂದು ಸಾಲಿದೆ. ಎಫ್‌ಪಿಒದ ಸಿಇಒ ಆಗುವವರಿಗೆ ಇರಬೇಕಾದ ಓದಿನಲ್ಲಿ ಕೃಷಿ ಪದವಿಯ ಜೊತೆ ಬಿಬಿಎ ಹೆಸರನ್ನೂ ಬರೆದಿದ್ದಾರೆ. ಸಂಬಳಕ್ಕೆ ತಿಂಗಳಿಗೆ 25,000 ರೂಪಾಯಿ ತನಕ ನೆರವು ಕೊಡಲು ಅವಕಾಶವಿದೆ. ಒಂದು ಸಂಸ್ಥೆಗೆ ಮೂರು ವರ್ಷಕ್ಕೆ ಒಟ್ಟು 18 ಲಕ್ಷದ ತನಕ ನೆರವು. ಅಲ್ಲೇ ತೊಡಕೂ ಇದೆ. ಮೂರು ವರ್ಷದ ನಂತರ ಸಂಬಳ ಹುಟ್ಟಬೇಕಾದದ್ದು ಸಂಸ್ಥೆಯ ವ್ಯಾಪಾರದಿಂದ. ವ್ಯಾಪಾರ ಕುದುರದಿದ್ದರೆ ಸಿಇಒ ಕೆಲಸವೂ ಇಲ್ಲ, ರೈತರ ಷೇರಿಗೂ ಬೆಲೆಯಿಲ್ಲ. ಗೊಬ್ಬರ ಮಾರಿ ಸುಮ್ಮನಾಗುವ ಎಫ್‌ಪಿಒವನ್ನು ಬೆಳೆ ಕೊಂಡು, ಒಣಗಿಸಿ, ವಿಂಗಡಿಸಿ, ಒಳ್ಳೆ ಧಾರಣೆ ಬಂದಾಗ ಮಾರುವ ಸಂಸ್ಥೆಯಾಗಿ ಮಾಡುವುದು ಕಷ್ಟದ ಕೆಲಸ. ಅದಕ್ಕೇ ಓದಿದವರು ಬೇಕು.

ಸೊಸೈಟಿಗಳಲ್ಲೂ ಇದೇ ಹೊತ್ತು ಬಂದಿದೆ. 2022ರಲ್ಲಿ ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂದರೆ ಲೆಕ್ಕ ಬೇಗ ಆಗುತ್ತದೆ. ಆದರೆ ಲೆಕ್ಕವನ್ನು ಓದಿ, ಯಾರಿಗೆ ಸಾಲ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಎಂದು ಸದಸ್ಯರ ಸಭೆಯಲ್ಲಿ ಎದ್ದು ಹೇಳುವುದಕ್ಕೆ ಮನುಷ್ಯರೇ ಬೇಕು.

ಬಿಬಿಎ ಓದುತ್ತಿರುವ ತಮ್ಮ-ತಂಗಿಯರಿಗೆ ನಮ್ಮದೊಂದು ಸಲಹೆ. ಬಹಳ ಕಡೆ ಕೋರ್ಸಿನ ಕೊನೆಯ ಹೊತ್ತಿಗೆ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಇರುತ್ತದೆ. ದೊಡ್ಡ ಕಂಪನಿಯೊಂದರ ಬಗ್ಗೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಬೈಂಡ್ ಮಾಡಿಸುವ ಬದಲು ನಿಮ್ಮೂರ ಡೈರಿಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಹಾಲಿಗೆ ಗಿರಾಕಿ ಎಷ್ಟು ಕೊಡುತ್ತಾನೆ, ಅದರಲ್ಲಿ ನಿಮ್ಮ ಅಮ್ಮನ ಪಾಸ್‌ಬುಕ್ಕಿಗೆ ಎಷ್ಟು ಬರುತ್ತದೆ, ನಡುವಿನದು ಎಲ್ಲೆಲ್ಲಿ ಖರ್ಚಾಗುತ್ತದೆ? ಫ್ಯಾಟು, ಎಸ್‌ಎನ್‌ಎಫ್ ನೋಡಿ ದರ ಕಟ್ಟುವುದು ಹೇಗೆ? ಪಶು ಆಹಾರದ ಲೆಕ್ಕ ಹಾಕಿದರೆ ಒಂದು ಹಸುವಿನಿಂದ ತಿಂಗಳಿಗೆ ಉಳಿಯುವುದೆಷ್ಟು? ಸಂಘದ ವಾರ್ಷಿಕ ಸಭೆಯಲ್ಲಿ ಆಡಿಟ್ ವರದಿ ಓದಿದಾಗ ಎಷ್ಟು ಹೆಂಗಸರು ಪ್ರಶ್ನೆ ಕೇಳಿದರು?

ಬರೆದ ವರದಿಯ ಒಂದು ಪ್ರತಿ ಕಾಲೇಜಿಗೆ ಕೊಡಿ. ಇನ್ನೊಂದನ್ನು ಕನ್ನಡದಲ್ಲಿ ನಾಲ್ಕೇ ಪುಟ ಮಾಡಿ ಡೈರಿಯ ನೋಟಿಸ್ ಬೋರ್ಡಿಗೆ ಹಚ್ಚಿ. ಸಂಜೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರು ಅದನ್ನು ಓದಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.